ಮೇ 1: ವಸಂತದ ಹಬ್ಬಾನೇ ಕಾರ್ಮಿಕರ ದಿನ ಆಯ್ತಾ, ಎರಡೂ ಬೇರೆ ಬೇರೆನಾ?

ಗೋಡೆಪತ್ರಿಕೆ
ಬಡಾವಣೆ ಗ್ರಂಥಾಲಯದ ಗೋಡೆಪತ್ರಿಕೆಗೆ ಮೇ 1ರ ಬಗ್ಗೆ ಒಂದು ಪುಟ ಬೇಕಾಗಿದೆ. ವಾಟ್ಸಾಪ್‌ನಲ್ಲಿ ಸುತ್ತುತ್ತಿರೋ ಒಂದು ಬರಹ ನಾಲ್ಕು ಮಾತು ಹೇಳುತ್ತೆ. ರೋಮನ್ನರ ಹೂವಿನ ಹಬ್ಬವೇ ಯುರೋಪಿನಲ್ಲಿ ಕಂಬದ ಕುಣಿತ ಆಯ್ತು. ಆ ಹಳೇ ಹಬ್ಬದ ದಿನ ಅಂತಲೇ ಶಿಕಾಗೋ ಕಾರ್ಮಿಕರು ಮೇ 1 ಆರಿಸಿಕೊಂಡರು. 1886ರ ಮೇ 1ರಂದೇ ಬಾಂಬ್ ಸಿಡಿದು ಕಾರ್ಮಿಕರು ಸತ್ತರು. ಅವತ್ತಿಂದ ಲೋಕಕ್ಕೆಲ್ಲ, ಭಾರತಕ್ಕೂ, ಎಂಟು ಗಂಟೆ ಕೆಲಸ ಬಂತು. ಇದರಲ್ಲಿ ಎಷ್ಟು ಉಳಿಸಿಕೊಳ್ಳಬಹುದು, ಎಷ್ಟು ಹೊಡೆದುಹಾಕಬೇಕು? ಮಕ್ಕಳಿಂದ ಆ ಕುಣಿತ, ಅಂದರೆ ಕಂಬದ ತುದಿಗೆ ಕಟ್ಟಿದ ರಿಬ್ಬನ್ ಹಿಡಿದು ಸುತ್ತ ಕುಣಿಯೋದು, ಮಾಡಿಸೋ ಯೋಚನೆಯೂ ಇದೆ. ಕ್ರಮ ಗೊತ್ತಿದ್ದವರು ಬಿಡಿಸಿ ಹೇಳಿ.

ಅಚ್ಚುಮೊಳೆ
ನಾಲ್ಕರಲ್ಲಿ ನಾಲ್ಕೂ ತಪ್ಪು. ಫಾರ್ವರ್ಡ್‌ಗಳ ಮಟ್ಟಿಗೆ ಇದೂ ಒಂದು ಸಾಧನೆ.

ಹಳೇಕಡತ
ಮೂರನೇದರಿಂದ ಶುರುಮಾಡೋಣ, ಅದು ಸುಲಭ. ಮೇ 1 ಶನಿವಾರ. ಅವತ್ತು ಅಮೆರಿಕದಾದ್ಯಂತ ಸುಮಾರು 3 ಲಕ್ಷ ಜನ ಕೆಲಸ ನಿಲ್ಲಿಸಿದರು, ಶಿಕಾಗೋದಲ್ಲಿ ದಿನ ಶಾಂತವಾಗೇ ಕಳೀತು. ಮೇ 3ಕ್ಕೆ ಮೆಕಾರ್ಮಿಕ್ ಕೊಯ್ಲುಯಂತ್ರದ ಕಾರ್ಖಾನೆ ಗೇಟಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಕನಿಷ್ಠ ಇಬ್ಬರು ಸತ್ತರು. ಅದನ್ನ ಖಂಡಿಸಿ ಮೇ 4ರ ರಾತ್ರಿ ಹೇ ಮಾರ್ಕೆಟ್ ಚೌಕದಲ್ಲಿ ಸಭೆ. ಮೇಯರ್ ಕಾರ್ಟರ್ ಹ್ಯಾರಿಸನ್ ಸ್ವತಃ ಬಂದು ಕೇಳಿ, ಗಲಾಟೆ ಏನಿಲ್ಲ ಅಂತ ಮನೆಗೆ ಹೊರಟರು. ಮಳೆ ಮೋಡ ಕವಿದು ಜನರೂ ಕರಗಿದ್ದರು. ಹತ್ತೂವರೆ ಹೊತ್ತಿಗೆ ಪೊಲೀಸ್ ದಂಡು ಬಂದು ಚದುರಿ ಅಂದಾಗ ಬಾಂಬ್ ಬಿತ್ತು. ಬಾಂಬಿಗೂ ಆಮೇಲಿನ ಗುಂಡಿಗೂ ಸೇರಿ ಸತ್ತವರು ಪೊಲೀಸರಲ್ಲಿ 7, ಜನರಲ್ಲಿ ಕನಿಷ್ಠ 4. ಎಸೆದವರು ಯಾರು ಅನ್ನೋದು ಇವತ್ತಿಗೂ ಸಾಬೀತಾಗಿಲ್ಲ.

ಆ ಬಾಂಬಿನ ಕೇಸಿನಲ್ಲಿ ಎಂಟು ಜನ ಕಾರ್ಮಿಕ ಚಳವಳಿಗಾರರಿಗೆ ಶಿಕ್ಷೆ ಆಯ್ತು. 1887ರ ನವೆಂಬರ್ 11ಕ್ಕೆ ಸ್ಪೈಸ್, ಪಾರ್ಸನ್ಸ್, ಫಿಶರ್, ಎಂಗೆಲ್ ಗಲ್ಲಿಗೇರಿದರು. ಲಿಂಗ್ ಹಿಂದಿನ ದಿನವೇ ಸೆರೆಕೋಣೆಯಲ್ಲಿ ಜೀವ ತೆಗೆದುಕೊಂಡ. ಉಳಿದ ಮೂವರಿಗೆ 1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಕ್ಷಮಾದಾನ ಕೊಟ್ಟರು. ವಿಚಾರಣೆ ನ್ಯಾಯವಾಗಿ ನಡೆದಿರಲಿಲ್ಲ ಅಂತ ಬರೆದೇ ಕೊಟ್ಟರು. ಅವರ ರಾಜಕೀಯಕ್ಕೆ ಅದು ದೊಡ್ಡ ಪೆಟ್ಟಾಯ್ತು.

ಗೋಡೆಪತ್ರಿಕೆ
ಹಾಗಾದ್ರೆ ಮೇ 4 ಯಾಕೆ ಕಾರ್ಮಿಕರ ದಿನ ಆಗಲಿಲ್ಲ?

ಹಳೇಕಡತ
ದಿನ ಗುರುತು ಮಾಡಿದ್ದು ಬಾಂಬಿಗಾಗಿ ಅಲ್ಲ, ಗಡುವಿಗಾಗಿ. 1884ರಲ್ಲೇ ಅಲ್ಲಿನ ಸಂಘಗಳ ಒಕ್ಕೂಟ "1886ರ ಮೇ 1ರಿಂದ ಎಂಟು ಗಂಟೆಯೇ ಒಂದು ದಿನದ ಕೆಲಸ" ಅಂತ ನಿರ್ಣಯ ಮಾಡಿತ್ತು. 1888ರ ಡಿಸೆಂಬರಿನಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಮತ್ತೆ 1890ರ ಮೇ 1ಕ್ಕೆ ಗಡುವು ಇಟ್ಟಿತು. 1889ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಎರಡನೇ ಇಂಟರ್‌ನ್ಯಾಷನಲ್ (ನಾನಾ ದೇಶಗಳ ಸಮಾಜವಾದಿಗಳ ಕೂಟ), ಅಮೆರಿಕದವರು ಹೇಗೂ ಆ ದಿನ ಇಟ್ಟಿದ್ದಾರೆ, ನಾವೂ ಅವತ್ತೇ ಮಾಡೋಣ ಅಂದಿತು. ಒಂದೇ ಸಲದ ಪ್ರದರ್ಶನ ಅಂತ ಶುರುವಾಗಿದ್ದು ವರ್ಷವರ್ಷವೂ ನಡೀತು.

ಬೇಸಾಯಗಾರ
ಸರಿ, 1884ರಲ್ಲಿ ಮೇ 1 ಅಂತಲೇ ಯಾಕೆ ಬರೆದರು? ಅಲ್ಲಿ ನಿಜವಾದ ಪ್ರಶ್ನೆ ಇರೋದು.

ಅಚ್ಚುಮೊಳೆ
ಬಾಡಿಗೆ. ನ್ಯೂಯಾರ್ಕ್, ಶಿಕಾಗೋಗಳಲ್ಲಿ ಮನೆ ಕರಾರು ಮುಗೀತಿದ್ದದ್ದು ಮೇ 1ಕ್ಕೆ. ಅದಕ್ಕೆ "ಮನೆ ಬದಲಾಯಿಸುವ ದಿನ" ಅಂತಲೇ ಹೆಸರು, ಊರಿಗೆ ಊರೇ ಗಾಡಿಯಲ್ಲಿ ಪಾತ್ರೆ ಪಗಡೆ ಹೇರಿಕೊಂಡು ಹೊರಡೋದು. ಕಟ್ಟಡ ಕೆಲಸದವರ ಕೂಲಿ ಕರಾರಿನ ವರ್ಷವೂ ಅವತ್ತೇ ಶುರು. ನಿರ್ಣಯ ಮಂಡಿಸಿದ ಗೇಬ್ರಿಯಲ್ ಎಡ್ಮನ್‌ಸ್ಟನ್ ಬಡಗಿಗಳ ಸಂಘದವರು, ಹಾಗಾಗಿ ಹೊಸ ಕರಾರಿನ ಮೊದಲ ದಿನದಿಂದ ಹೊಸ ಹೊತ್ತು. ಹೂವೂ ಇಲ್ಲ, ಹಬ್ಬವೂ ಇಲ್ಲ.

ಬೇಸಾಯಗಾರ
ಅಲ್ರೀ, ಅರ್ಧಕ್ಕೇ ನಿಂತ್ರಲ್ಲ. ಬಾಡಿಗೆ ವರ್ಷ ಮೇ 1ಕ್ಕೇ ಯಾಕ ತಿರುಗ್ತದ? ಛಳಿ ಹೋಗಿ, ಹಿಮ ಕರಗಿ, ಗಾಡಿ ನಡಿಯೂವಂಗ ರಸ್ತೆ ಒಣಗಿ, ಕಟ್ಟಡದ ಕೆಲಸ ಚಾಲೂ ಆಗೂ ಹೊತ್ತದು. ಐರ್ಲೆಂಡಿನ ಬೆಲ್ಟೇನ್ ಹಬ್ಬಾನೂ ಅದೇ ಹೊತ್ತಿಂದು, ದನ ಕೊಟ್ಟಿಗೆ ಬಿಟ್ಟು ಬೇಸಿಗೆ ಹುಲ್ಲುಗಾವಲಿಗೆ ಹೊಂಡೂ ದಿನ. ಎರಡು ಬೆಂಕಿ ನಡುವ ದನ ಹಾಯಿಸಿ ಬಿಡ್ತಿದ್ರು, ನಮ್ಮ ಕಡೆ ಸಂಕ್ರಾಂತಿಗೆ ಕಿಚ್ಚು ಹಾಯಿಸಿದಂಗ. ಹಬ್ಬದಿಂದ ಕಾರ್ಮಿಕರ ದಿನ ಹುಟ್ಟಲಿಲ್ಲ, ಖರೆ. ಆದ್ರ ಎರಡೂ ಹುಟ್ಟಿದ್ದು ಅದೇ ಋತು ಹೊಟ್ಟಿಯೊಳಗ. ನಮ್ಮಲ್ಲಿ ಸಂಬಳದಾಳಿನ ಲೆಕ್ಕ ಯುಗಾದಿಯಿಂದ ಯುಗಾದಿಗೆ ಇರ್ತಿತ್ತಲ್ಲ, ಹಂಗ.

ಅಚ್ಚುಮೊಳೆ
ಋತುವಿನ ಮಾತು ಒಪ್ಪಿದೆ. ಯುಗಾದಿ ಹೋಲಿಕೆ ಚೆನ್ನಾಗಿದೆ, ಗೋಡೆಪತ್ರಿಕೆಗೆ ಹಾಕಬಹುದು.

ಕಡಲಕರೆ
ಅದು ಅಷ್ಟಕ್ಕೇ ಮುಗಿಯುದಿಲ್ಲ ಮಾರಾಯ್ರೆ. ಹುಟ್ಟು ಬೇರೆ ಆದ್ರೂ ಹುಟ್ಟಿದ ಮೇಲೆ ಎರಡೂ ಒಂದರ ಬಟ್ಟೆ ಒಂದು ಹಾಕಿಕೊಂಡಿವೆ. ರಷ್ಯಾದಲ್ಲಿ ಮಾಯೋವ್ಕಾ ಅಂದರೆ ಮೊದಲಿಗೆ ಮೇ ತಿಂಗಳ ಕಾಡಿನ ವನಭೋಜನ, ಚಹಾ ಕಾಯಿಸುವ ಸಮೋವರ್ ಹಿಡಿದು ಹೋಗುವಂಥದ್ದು. ಝಾರನ ಕಾಲದಲ್ಲಿ ಕಾರ್ಮಿಕರ ಸಭೆಗೆ ನಿಷೇಧ ಇತ್ತಲ್ಲ, ಆ ವನಭೋಜನದ ನೆಪದಲ್ಲೇ ಊರಾಚೆ ಸೇರಿದ್ರು. ಪೀಟರ್ಸ್‌ಬರ್ಗ್‌ನಲ್ಲಿ 1891ರಲ್ಲೇ ಆಗಿದೆ. ಈಗ ಅಲ್ಲಿ ರಜೆಯ ಅಧಿಕೃತ ಹೆಸರೇ "ವಸಂತ ಮತ್ತು ಶ್ರಮದ ಹಬ್ಬ". ಇಂಗ್ಲೆಂಡಿನಲ್ಲಿ ವಾಲ್ಟರ್ ಕ್ರೇನ್ ಅಂತ ಚಿತ್ರಗಾರ 1894ರಲ್ಲಿ ಮೇ ಕಂಬದ ರಿಬ್ಬನ್‌ಗಳ ಮೇಲೆ ಕಾರ್ಮಿಕರ ಬೇಡಿಕೆಗಳನ್ನೇ ಬರೆದು ಚಿತ್ರ ಮಾಡಿದ. ಅದಕ್ಕಿಂತ ಸಾಕ್ಷಿ ಬೇಕಾ?

ಹಳೇಕಡತ
ಮಾಯೋವ್ಕಾಕ್ಕೆ ಒಂದು ಬಾಲಂಗೋಚಿ. ರಷ್ಯಾದ ಪಂಚಾಂಗ ಆಗ ಜೂಲಿಯನ್, ಯುರೋಪಿಗಿಂತ 12 ದಿನ ಹಿಂದೆ, 1900ರ ನಂತರ 13. ಹಾಗಾಗಿ ಬರ್ಲಿನ್‌ನವರ ಜೊತೆಗೇ ಮಾಡಬೇಕು ಅಂದರೆ ಅವರ ಗೋಡೆ ಪಂಚಾಂಗದಲ್ಲಿ ಏಪ್ರಿಲ್ 19 ಅಥವಾ 18. ಹಳೇ ಕರಪತ್ರಗಳಲ್ಲಿ ಏಪ್ರಿಲ್ ತಾರೀಕು ಕಂಡರೆ ತಪ್ಪು ಅಂತ ತಿದ್ದಬೇಡಿ.

ಇಂಗ್ಲೆಂಡಿನಲ್ಲೂ 1752ರಲ್ಲಿ 11 ದಿನ ಹಾರಿಸಿದರು. ಮೇ ಹೂವು ಅಂತ ಅವರು ಕರೆಯೋ ಹಾಥಾರ್ನ್ ಈಗ ಮೇ 1ಕ್ಕೆ ಅರಳೋದೇ ಕಡಿಮೆ, ಎರಡು ವಾರ ತಡ. ಹಳೇ ಹಾಡುಗಳಲ್ಲಿ ಬೆಳಗಿನ ಜಾವ ಹೋಗಿ ಅರಳಿದ ಕೊಂಬೆ ತರೋದು ಹಳೇ ಪಂಚಾಂಗದ ಲೆಕ್ಕ.

ಮೊಗ್ಗಿನಜಡೆ
ನಮ್ಮಲ್ಲಿ ಮೇ ಫ್ಲವರ್ ಅಂದ್ರೆ ಗುಲ್‌ಮೊಹರ್, ಕತ್ತಿಕಾಯಿ ಮರ. ಅದು ಮಡಗಾಸ್ಕರ್‌ನದ್ದು, ಈ ಹಬ್ಬಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಪೋಸ್ಟರಿಗೆ ಅದರ ಚಿತ್ರ ಹಾಕ್ತಾರೆ ಅಂತ ಮುಂಚೇನೇ ಹೇಳಿಟ್ಟೆ.

ಸಂಶಯಪಿಶಾಚಿ
ಮೊದಲನೇ ಮಾತಿಗೆ ಯಾರೂ ಕೈ ಹಾಕಿಲ್ಲ. ರೋಮನ್ನರ ಫ್ಲೊರಾಲಿಯಾ ಏಪ್ರಿಲ್ 28ರಿಂದ ಮೇ 3. ಅದರಲ್ಲಿ ನಾಟಕ, ಸರ್ಕಸ್ ಅಂಗಳದಲ್ಲಿ ಮೊಲ ಮತ್ತು ಮೇಕೆ ಬಿಡೋದು, ಜನರ ಮೇಲೆ ಕಾಳು ಎರಚೋದು. ಕಂಬ ಎಲ್ಲಿದೆ? ಕಂಬದ ದಾಖಲೆ ಬ್ರಿಟನ್ನಿನಲ್ಲಿ ಸಿಗೋದು ಮಧ್ಯಯುಗದ ಕೊನೆಗೆ. ನಡುವೆ ಸಾವಿರ ವರ್ಷದ ಹಳ್ಳ ಬಿದ್ದಿದೆ, ಎರಡು ದಂಡೆಗೂ ಹೂವು ಇದೆ ಅಂತ ಸೇತುವೆ ಇದೆ ಅನ್ನೋಕ್ಕಾಗಲ್ಲ. ಕಂಬವನ್ನ ಲಿಂಗಪೂಜೆ ಅನ್ನೋರೂ ಇದ್ದಾರೆ, ಅದಕ್ಕೂ ಹಳೇ ಆಧಾರ ಇಲ್ಲ.

ಕಡಲಕರೆ
ಆದ್ರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರಿಗೆ ಅದು ಪೇಗನ್, ಅಂದರೆ ಕ್ರೈಸ್ತರಲ್ಲದವರ ಹಳೇ ಪೂಜೆ, ಅಂತ ಖಾತ್ರಿ ಇತ್ತು. 1644ರಲ್ಲಿ ಪಾರ್ಲಿಮೆಂಟೇ ಕಂಬಗಳನ್ನೆಲ್ಲ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿತು.

ಸಂಶಯಪಿಶಾಚಿ
ನಿಷೇಧಿಸಿದವನ ಆರೋಪಪಟ್ಟಿ ಇತಿಹಾಸದ ಪುರಾವೆ ಆಗಲ್ಲ. ಭಾನುವಾರ ಚರ್ಚು ಬಿಟ್ಟು ಕುಡಿದು ಕುಣಿಯೋದು ಅವರಿಗೆ ತಲೆನೋವಾಗಿತ್ತು. ರಾಜ ಎರಡನೇ ಚಾರ್ಲ್ಸ್ ವಾಪಸ್ ಗದ್ದುಗೆಗೆ ಬಂದ ಮೇಲೆ 1661ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿ ಕಂಬ ನಿಲ್ಲಿಸಿದರು, ಅದು ಹೆಚ್ಚುಕಮ್ಮಿ ರಾಜನಿಷ್ಠೆಯ ಧ್ವಜಸ್ತಂಭ. ಮುಂದೆ ಅದು ಶಿಥಿಲ ಆದಾಗ ಕೊಂಡವರು ಐಸಾಕ್ ನ್ಯೂಟನ್. ವಾನ್‌ಸ್ಟೆಡ್‌ನಲ್ಲಿ ಖಗೋಳ ವೀಕ್ಷಕ ಜೇಮ್ಸ್ ಪೌಂಡ್ ಅವರ ಉದ್ದನೆಯ ದೂರದರ್ಶಕಕ್ಕೆ ಆಸರೆ ಕಂಬ ಬೇಕಾಗಿತ್ತು.

ಅಚ್ಚುಮೊಳೆ
ನ್ಯೂಟನ್ ವಿಷಯ ಗೋಡೆಪತ್ರಿಕೆಗೆ ಹೋಗಲೇಬೇಕು. ಬಾಕಿ ಎಲ್ಲ ಬಿಟ್ಟರೂ ಪರವಾಗಿಲ್ಲ.

ಮೊಗ್ಗಿನಜಡೆ
ಈಗ ರಿಬ್ಬನ್ನಿನ ವಿಷಯ. ಮೊದಲು ಒಂದು ನಿರಾಸೆ: ರಿಬ್ಬನ್ ಹೆಣೆಯೋದು ಪ್ರಾಚೀನ ಅಲ್ಲವೇ ಅಲ್ಲ. ಹಳೇ ಕಂಬಕ್ಕೆ ಎಲೆ, ಹೂ, ಹಾರ ಕಟ್ಟಿ ಜನ ಸುತ್ತ ಕೈಹಿಡಿದು ಕುಣೀತಿದ್ದರು, ಅಷ್ಟೇ. ಹೆಣಿಗೆ ಬಂದದ್ದು 19ನೇ ಶತಮಾನದ ಲಂಡನ್ ರಂಗಭೂಮಿಯಿಂದ, 1830ರ ದಶಕದಲ್ಲಿ. ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ 1881ರಲ್ಲಿ ವೈಟ್‌ಲ್ಯಾಂಡ್ಸ್ ಅನ್ನೋ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ಮೇ ರಾಣಿಯ ಹಬ್ಬ ಶುರುಮಾಡಿಸಿದರು. ಅಂಥ ಕಾಲೇಜುಗಳಲ್ಲಿ ಕಲಿತ ಟೀಚರುಗಳ ಜೊತೆ ಕುಣಿತ ಶಾಲೆಗಳಿಗೆ ಹೋಯ್ತು.

ನಮ್ಮ ಜಡೆ ಕೋಲಾಟ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ವ್ಯತ್ಯಾಸ ಒಂದೇ: ಜಡೆ ಕೋಲಾಟದಲ್ಲಿ ಹಗ್ಗಗಳನ್ನ ಮೇಲಿಂದ ಇಳಿಬಿಡ್ತಾರೆ, ನಡುವೆ ಕಂಬ ಇರಲ್ಲ, ಹಾಗಾಗಿ ಹೆಣೆದದ್ದು ನಿಜವಾದ ಜಡೆ ಆಗುತ್ತೆ. ಮೇ ಕಂಬದಲ್ಲಿ ಕಂಬದ ಮೈಮೇಲೆ ಚಾಪೆ ಸುತ್ತಿದ ಹಾಗೆ ಆಗುತ್ತೆ. ಕಾಲಿನ ಲೆಕ್ಕ ಮಾತ್ರ ಅದೇ.

ಅಳತೆ: ನೆಲದಿಂದ 3.5 ಮೀಟರ್ ಕಂಬಕ್ಕೆ ರಿಬ್ಬನ್ 5 ಮೀಟರ್, ಅಂದರೆ ಸುಮಾರು ಒಂದೂವರೆ ಪಟ್ಟು. ಅಗಲ 3 ರಿಂದ 4 ಸೆಂಟಿಮೀಟರ್, ಹತ್ತಿ ಪಟ್ಟಿಯೇ ಒಳ್ಳೇದು. ಸ್ಯಾಟಿನ್ ಜಾರುತ್ತೆ, ಹೆಣಿಗೆ ಕೆಳಗೆ ಕುಸಿಯುತ್ತೆ. ಮಕ್ಕಳು 12. ಅಂಗಳ ಅಡ್ಡಳತೆಯಲ್ಲಿ 10 ಮೀಟರ್ ಬೇಕು. ಕಂಬ ನೆಲಕ್ಕೆ ಹೂಳಿಲ್ಲ ಅಂದರೆ ಅಗಲವಾದ ಮರದ ಪೀಠಕ್ಕೆ ಬಿಗಿದು ಅದರ ಮೇಲೆ ನಾಲ್ಕೈದು ಮಕ್ಕಳನ್ನ ಕೂರಿಸ್ತಾರೆ. ಕಂಬ ವಾಲೋದು ಯಾವಾಗಲೂ ಒಂದು ಬದಿಯವರು ಜೋರಾಗಿ ಎಳೆದಾಗ.

ಹೆಜ್ಜೆ: 1ರಿಂದ 12 ಎಣಿಸಿ. ಬೆಸಸಂಖ್ಯೆಯವರು ಗಡಿಯಾರದ ದಿಕ್ಕಿಗೆ, ಸಮಸಂಖ್ಯೆಯವರು ಎದುರು ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಮೊದಲ ಭೇಟಿಯಲ್ಲಿ ಬೆಸದವರು ಹೊರಗಿಂದ, ಸಮದವರು ಒಳಗಿಂದ. ಮುಂದಿನ ಭೇಟಿಯಲ್ಲಿ ಅದಲು ಬದಲು. ಹೊರಗೆ ಹೋಗುವವರು ರಿಬ್ಬನ್ ಎತ್ತಬೇಕು, ಒಳಗೆ ಹೋಗುವವರು ತಲೆ ಬಗ್ಗಿಸಬೇಕು. ಬಾಯಲ್ಲಿ "ಹೊರಗೆ, ಒಳಗೆ, ಹೊರಗೆ, ಒಳಗೆ" ಅಂತ ಎಲ್ಲರೂ ಹೇಳ್ತಾ ಇದ್ದರೆ ಅರ್ಧ ತಪ್ಪು ತಾನೇ ಹೋಗುತ್ತೆ. ಬೆಸಕ್ಕೆ ಕೆಂಪು, ಸಮಕ್ಕೆ ಹಳದಿ ಕೊಡಿ. ಆಗ ಕಂಬದ ಮೇಲೆ ಎರಡು ಬಣ್ಣದ ಚೌಕುಳಿ ಬರುತ್ತೆ, ಒಂದೇ ಬಣ್ಣದ ಎರಡು ಚೌಕ ಪಕ್ಕ ಪಕ್ಕ ಕಂಡರೆ ಅಲ್ಲೇ ಯಾರೋ ತಪ್ಪಿದ್ದಾರೆ.

ಗೋಡೆಪತ್ರಿಕೆ
ಬಿಚ್ಚೋದು ಹೇಗೆ? ವಿಡಿಯೋಗಳಲ್ಲಿ ಬಿಚ್ಚುವಾಗಲೇ ಗಂಟು ಬೀಳೋದು ಕಾಣುತ್ತೆ.

ಮೊಗ್ಗಿನಜಡೆ
ಎಲ್ಲರೂ ಎಡವೋದು ಅಲ್ಲೇ. ಸಂಗೀತ ನಿಂತಾಗ ಎಲ್ಲರೂ ಇದ್ದಲ್ಲೇ ಹಿಂದಕ್ಕೆ ತಿರುಗಬೇಕು. ಕೊನೆಯ ಭೇಟಿಯಲ್ಲಿ ಹೊರಗಿಂದ ಹೋದವರು ವಾಪಸಿನ ಮೊದಲ ಭೇಟಿಯಲ್ಲೂ ಹೊರಗಿಂದಲೇ ಹೋಗಬೇಕು. ಮಕ್ಕಳು "ಈಗ ತಾನೇ ಹೊರಗೆ ಹೋದೆ, ಈಗ ಒಳಗೆ" ಅಂತ ರೂಢಿಯ ಮೇಲೆ ಹೋಗ್ತಾರೆ, ಆ ಕ್ಷಣಕ್ಕೇ ಗಂಟು. ಅದಕ್ಕೆ ನಿಲ್ಲುವ ಮೊದಲು ಒಬ್ಬರು ಕೂಗಬೇಕು: "ಕೊನೇದು, ಕೆಂಪು ಹೊರಗೆ!" ತಿರುಗಿದ ಮೇಲೂ ಅದೇ ಕೂಗು: "ಕೆಂಪು ಹೊರಗೆ!" ರಿಬ್ಬನ್ ಸಡಿಲ ಬಿಟ್ಟರೂ ಗಂಟು. ಹೆಣಿಗೆ ಇಳಿದ ಹಾಗೆ ರಿಬ್ಬನ್ ಗಿಡ್ಡ ಆಗುತ್ತೆ, ವೃತ್ತ ಚಿಕ್ಕದಾಗುತ್ತೆ. ತಲೆಗಳು ತಾಗುವ ಮೊದಲೇ ನಿಲ್ಲಿಸಿ.

ಹೊಸಬರಿಗೆ ಮೊದಲು ಎಲ್ಲರೂ ಒಂದೇ ದಿಕ್ಕಿಗೆ ಸುತ್ತೋದು ಕಲಿಸಿ. ಅದರಲ್ಲಿ ಬರೀ ಪಟ್ಟೆ ಸುತ್ತುತ್ತೆ, ಬಿಚ್ಚೋದಕ್ಕೆ ಹಿಂದೆ ತಿರುಗಿ ನಡೆದರೆ ಸಾಕು.

ಸಂಶಯಪಿಶಾಚಿ
ಜಡೆ ಕೋಲಾಟವೇ ಮಾಡಿಸಬಹುದಲ್ಲ, ರಸ್ಕಿನ್ ಯಾಕೆ ಬೇಕು?

ಮೊಗ್ಗಿನಜಡೆ
ಕೈಯಲ್ಲಿ ಕೋಲೂ ಇರುತ್ತೆ, ಹಗ್ಗವೂ ಇರುತ್ತೆ, ಹಾಡೂ ಹೇಳಬೇಕು. ಒಂದು ವಾರದಲ್ಲಿ ಆಗಲ್ಲ.

ಬವೇರಿಯಾಬೀದಿ
ಕಂಬ ಅಂದರೆ ಜರ್ಮನಿ ಬಿಡೋಕಾಗಲ್ಲ. ಬವೇರಿಯಾದ ಹಳ್ಳಿಗಳ ಮೈಬೌಮ್, ಅಂದರೆ ಮೇ ಕಂಬ, 30 ಮೀಟರ್ ಮುಟ್ಟೋದೂ ಉಂಟು, ಸ್ಪ್ರೂಸ್ ಮರ, ನೀಲಿ ಬಿಳಿ ಪಟ್ಟೆ, ಎರಡು ಪಕ್ಕ ಊರಿನ ಕಸುಬುಗಳ ಫಲಕ. ಸಾಂಪ್ರದಾಯಿಕವಾಗಿ ಕ್ರೇನ್ ಇಲ್ಲ. ಎರಡೆರಡು ಗಳುಗಳ ತುದಿ ಹಗ್ಗದಿಂದ ಬಿಗಿದು ಕತ್ತರಿಯಂತೆ ಮಾಡಿ (ಅದಕ್ಕೆ ಸ್ವಾಲೋ ಹಕ್ಕಿ ಅನ್ನೋ ಅರ್ಥದ ಹೆಸರು) ಕಂಬದ ಕೆಳಗೆ ಕೊಡ್ತಾರೆ. ಗಿಡ್ಡ ಜೋಡಿಯಿಂದ ಶುರುವಾಗಿ ಉದ್ದದ ಜೋಡಿಗೆ ಹೋಗ್ತಾರೆ. ಒಬ್ಬನೇ ಕೂಗು ಹಾಕೋದು, ಆ ಕೂಗಿಗೆ ಎಲ್ಲರೂ ಒಟ್ಟಿಗೆ ಒಂದು ದಬ್ಬು. ನಮ್ಮ ರಥಕ್ಕೆ ಸನ್ನೆ ಹಾಕೋರ ಕೂಗನ್ನೇ ನೆನೆಸಿಕೊಳ್ಳಿ.

ನಿಲ್ಲಿಸೋಕೆ ಮುಂಚೆ ಪಕ್ಕದೂರಿನವರು ಬಂದು ಕಂಬ ಕದ್ದರೆ ಅದು ಕಳವಲ್ಲ, ಆಟ. ಬಿಡಿಸಿಕೊಳ್ಳೋಕೆ ಬಿಯರ್ ಮತ್ತು ಊಟ ದಂಡ. ನಿಯಮಗಳೂ ಇವೆ: ಗರಗಸ ಹಾಕೋಹಾಗಿಲ್ಲ, ಪೊಲೀಸ್ ಕರೆಯೋಹಾಗಿಲ್ಲ, ಕಾವಲಿನವನು ಕಂಬದ ಮೇಲೆ ಕೈಯಿಟ್ಟರೆ ಕಳ್ಳರು ಖಾಲಿ ಕೈಲಿ ಹೋಗಬೇಕು.

ಹಳೇಕಡತ
ಅದೇ ಜರ್ಮನಿಯ ಇನ್ನೊಂದು ಮುಖವೂ ಗೋಡೆಪತ್ರಿಕೆಗೆ ಬರಲಿ. ಮೇ 1ನ್ನು ಸಂಬಳ ಸಹಿತ ರಾಷ್ಟ್ರೀಯ ರಜೆ ಮಾಡಿದ್ದು 1933ರಲ್ಲಿ ಹಿಟ್ಲರ್ ಸರ್ಕಾರ. ದೊಡ್ಡ ಮೆರವಣಿಗೆ ಮಾಡಿಸಿ, ಮರುದಿನ ಮೇ 2ಕ್ಕೆ ದೇಶದಾದ್ಯಂತ ಕಾರ್ಮಿಕ ಸಂಘಗಳ ಕಚೇರಿ ಮುತ್ತಿಗೆ, ನಾಯಕರ ಬಂಧನ. ಫ್ರಾನ್ಸಿನಲ್ಲೂ ಜರ್ಮನಿಗೆ ಸೋತ ಮೇಲೆ ಬಂದ ವಿಶಿ ಆಡಳಿತದ ಮುಖ್ಯಸ್ಥ ಪೆತಾಂ 1941ರಲ್ಲಿ ಇದನ್ನ ಶ್ರಮ ಮತ್ತು ಸಾಮಾಜಿಕ ಸೌಹಾರ್ದದ ಹಬ್ಬ ಅಂತ ತಿರುಗಿಸಿದರು. ರಜೆ ಕೊಟ್ಟವರೆಲ್ಲ ಕಾರ್ಮಿಕರ ಸ್ನೇಹಿತರು ಅಂತ ಬರೆಯಬೇಡಿ.

ಕಡಲಕರೆ
ಫ್ರಾನ್ಸಿನವರ ಹೂವಿನ ಕತೆ ಅದಕ್ಕೇ ಅಂಟಿಕೊಂಡಿದೆ. ಮೊದಲು ಕಾರ್ಮಿಕರು ಎದೆಗೆ ಚುಚ್ಚುತ್ತಿದ್ದದ್ದು ಕೆಂಪು ತ್ರಿಕೋನ, ಆಮೇಲೆ ಕೆಂಪು ಕಾಡುಗುಲಾಬಿ. 1891ರಲ್ಲಿ ಫೂರ್ಮಿ ಊರಲ್ಲಿ ಸೈನಿಕರು ಗುಂಡು ಹಾರಿಸಿ 9 ಜನ ಸತ್ತ ಮೇಲೆ ಆ ಕೆಂಪಿಗೆ ಬೇರೆಯೇ ತೂಕ ಬಂತು. ವಿಶಿಯವರಿಗೆ ಕೆಂಪು ಬೇಡವಾಯ್ತು, ಬಿಳಿ ಮ್ಯುಗೆ ಮುಂದೆ ಮಾಡಿದ್ರು. ಲಿಲಿ ಆಫ್ ದಿ ವ್ಯಾಲಿ ಅಂತಾರಲ್ಲ, ಅದು. ವಸಂತದ ಶುಭದ ಹೂವಾಗಿ ಅದು ಮುಂಚೆಯೂ ಇತ್ತು. ಈಗಲೂ ಮೇ 1ರಂದು ಅಲ್ಲಿ ಯಾರು ಬೇಕಾದರೂ ಬೀದಿಯಲ್ಲಿ ನಿಂತು ಕಾಡಿನ ಮ್ಯುಗೆ ಮಾರಬಹುದು. 13 ಗಂಟೆಹೂವಿನ ಕಡ್ಡಿ ಸಿಕ್ಕರೆ ಅದೃಷ್ಟ ಅಂತೆ.

ಔಷಧಿಡಬ್ಬ
ಅದೃಷ್ಟ ಹೂದಾನಿಗೆ ಸೀಮಿತವಾಗಿರಲಿ. ಆ ಗಿಡದ ಎಲೆ, ಹೂ, ಹಣ್ಣು ಎಲ್ಲಕ್ಕೂ ಹೃದಯದ ಮೇಲೆ ಕೆಲಸ ಮಾಡುವ ವಿಷ ಇದೆ, ನಮ್ಮ ಕಣಗಿಲೆಯ ಜಾತಿಯ ವಿಷ. ಹೂದಾನಿಯ ನೀರೂ ಕುಡಿಯಬಾರದು. ಮಕ್ಕಳ ಕಾರ್ಯಕ್ರಮಕ್ಕೆ ಬೇರೆ ಬಿಳಿ ಹೂ ನೋಡಿಕೊಳ್ಳಿ.

ಕೆಂಪುಕರವಸ್ತ್ರ
ಯುರೋಪ್ ಪ್ರವಾಸ ಸಾಕು. ನಾಲ್ಕನೇ ಮಾತಿಗೆ ಬನ್ನಿ. 1923ರ ಮೇ 1ಕ್ಕೆ ಮದರಾಸಿನಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲು ಚೆಟ್ಟಿಯಾರ್ ಎರಡು ಸಭೆ ಮಾಡಿದರು, ಒಂದು ಟ್ರಿಪ್ಲಿಕೇನ್ ಕಡಲ ದಂಡೆಯಲ್ಲಿ, ಇನ್ನೊಂದು ಹೈಕೋರ್ಟ್ ಎದುರಿನ ದಂಡೆಯಲ್ಲಿ. ಭಾರತದಲ್ಲಿ ಮೇ ದಿನಾಚರಣೆ ಅಲ್ಲಿಂದ. ಮರೀನಾದಲ್ಲಿ ಬಂಡೆ ನೂಕುವ ನಾಲ್ವರ ಪ್ರತಿಮೆ ನೋಡಿರ್ತೀರಿ, ಅದು ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ್ದು, 1959ರಲ್ಲಿ ನಿಂತದ್ದು.

ಎಂಟು ಗಂಟೆ "ಅವತ್ತಿಂದ" ಬರಲಿಲ್ಲ. ಕಾರ್ಖಾನೆ ಕಾನೂನು ನೋಡಿದರೆ 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ ಮಿತಿ. 1919ರ ಅಂತರರಾಷ್ಟ್ರೀಯ ಒಪ್ಪಂದ ಲೋಕಕ್ಕೆ ವಾರಕ್ಕೆ 48 ಅಂದಾಗ ಬ್ರಿಟಿಷ್ ಇಂಡಿಯಾಕ್ಕೆ ಪ್ರತ್ಯೇಕವಾಗಿ 60 ಅಂತ ಬರೆದರು. 1922ರಲ್ಲಿ ವಾರಕ್ಕೆ 60, ದಿನಕ್ಕೆ 11. 1934ರಲ್ಲಿ 54 ಮತ್ತು 10. 48 ಮತ್ತು 9 ಬಂದದ್ದು 1946ರ ತಿದ್ದುಪಡಿಯಲ್ಲಿ, ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರ್ ಅವರ ಕೈಲಿದ್ದಾಗ. 1948ರ ಕಾಯ್ದೆಯೂ ಅದನ್ನೇ ಇಟ್ಟುಕೊಂಡಿತು.

ಅಚ್ಚುಮೊಳೆ
ಆ ಕಾಯ್ದೆಯಲ್ಲಿ ಇದ್ದದ್ದು ದಿನಕ್ಕೆ 8 ಅಲ್ಲವಾ?

ಕೆಂಪುಕರವಸ್ತ್ರ
ಅಲ್ಲ, ಅದೇ ಎಲ್ಲರೂ ತಪ್ಪೋ ಜಾಗ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರೋವರೆಗೆ ಆ ಕಾಯ್ದೆ ಹೇಳ್ತಿದ್ದದ್ದು ಇದು: ವಾರಕ್ಕೆ 48, ದಿನಕ್ಕೆ ಹೆಚ್ಚೆಂದರೆ 9, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು, ಬಿಡುವು ಸೇರಿ ಒಳಗಿರೋ ಹೊತ್ತು ಹತ್ತೂವರೆ ಗಂಟೆ ಮೀರಬಾರದು, ಮೀರಿ ದುಡಿದ ಹೊತ್ತಿಗೆ ಎರಡರಷ್ಟು ಕೂಲಿ. ವಾರಕ್ಕೆ ಆರು ದಿನ ಅಂತ ಭಾಗಿಸಿದರೆ 8 ಬರುತ್ತೆ, ಅಷ್ಟೇ. ಕರ್ನಾಟಕ 2023ರ ತಿದ್ದುಪಡಿಯಲ್ಲಿ ವಾರದ 48 ಹಾಗೇ ಇಟ್ಟು ದಿನಕ್ಕೆ 12 ಗಂಟೆವರೆಗೆ ದಾರಿ ಮಾಡಿತು, ಮೂರು ತಿಂಗಳ ಓಟಿ ಮಿತಿಯನ್ನ 75ರಿಂದ 144 ಗಂಟೆಗೆ ಏರಿಸಿತು. 1886ರಲ್ಲಿ ಕೇಳಿದ್ದು ದಿನದ ಲೆಕ್ಕ, ವಾರದ್ದಲ್ಲ. ಈ ಸಾಲು ದಪ್ಪಕ್ಷರದಲ್ಲಿ ಹಾಕಿ.

ಬೇಸಾಯಗಾರ
ನಾಲ್ಕು ದಿನ ದುಡದು ಮೂರು ದಿನ ಮನ್ಯಾಗ ಇರೂದು ಛಲೋ ಅಲ್ಲೇನು?

ಕೆಂಪುಕರವಸ್ತ್ರ
ಕಾಗದದ ಮೇಲೆ ಛಲೋ. 12 ಗಂಟೆ ನಿಂತ ಕಾಲಿಗೆ ಆ ಮೂರನೇ ದಿನ ಸಿಗುತ್ತೋ, ಓಟಿಗೆ ಹೋಗುತ್ತೋ ಅನ್ನೋದು ಪ್ರಶ್ನೆ. 144 ಗಂಟೆ ಯಾಕೆ ಬೇಕಾಯ್ತು ಅಂತ ಅಲ್ಲೇ ಗೊತ್ತಾಗಲ್ವಾ?

ಲೆಕ್ಕಪುಸ್ತಕ
ರಜೆ ಬಗ್ಗೆ ಕೆಲಸಕ್ಕೆ ಬರೋ ಮಾಹಿತಿ: ನಮ್ಮ ರಾಜ್ಯದಲ್ಲಿ ಮೇ 1 ಮಾಲೀಕರು ಮನಸ್ಸು ಮಾಡಿ ಕೊಡೋ ರಜೆ ಅಲ್ಲ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹೆಸರು ಹಿಡಿದೇ ಇವೆ, ಜೊತೆಗೆ ಹಬ್ಬದ ರಜೆಗಳು. ಅವತ್ತು ದುಡಿಸಿಕೊಂಡರೆ ಎರಡರಷ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿಗೆ ಇನ್ನೊಂದು ಸಂಬಳದ ರಜೆ. "ಭಾನುವಾರ ಬಂದು ಸರಿಮಾಡಿ" ಅನ್ನೋದು ಈ ಎರಡರಲ್ಲಿ ಯಾವುದೂ ಅಲ್ಲ.

ಸಂಶಯಪಿಶಾಚಿ
ಆದರೆ ನಮ್ಮ ವರ್ಕ್‌ಶಾಪ್‌ಗಳಲ್ಲಿ ನಿಜವಾದ ಕಾರ್ಮಿಕರ ಹಬ್ಬ ಆಯುಧಪೂಜೆ. ಲೇತಿಗೆ ಕುಂಕುಮ, ಲಾರಿಗೆ ಬೂದುಕುಂಬಳ, ಪುರಿ ಪೊಟ್ಟಣ, ಬೋನಸ್. ಭಾರತೀಯ ಮಜ್ದೂರ್ ಸಂಘದವರು ಮೇ 1 ಬಿಟ್ಟು ವಿಶ್ವಕರ್ಮ ಜಯಂತಿಯನ್ನೇ ರಾಷ್ಟ್ರೀಯ ಶ್ರಮ ದಿನ ಅಂತಾರೆ.

ಕಡಲಕರೆ
ನಮ್ಮ ಕಡೆ ಇನ್ನೊಂದು ಉಂಟು. 1955ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬ ಮಾಡಿದ್ರು, ಕಮ್ಯುನಿಸ್ಟರ ದಿನಕ್ಕೆ ಚರ್ಚಿನ ಉತ್ತರ ಅಂತ. ಮಂಗಳೂರಿನ ವಾಮಂಜೂರಿನ ಇಗರ್ಜಿ ಅವರ ಹೆಸರಿನದ್ದೇ.

ಬೇಸಾಯಗಾರ
ಬಸವ ಜಯಂತಿನೂ ಆಸುಪಾಸಿನಾಗ ಬರ್ತದ, 2025ರಾಗ ಏಪ್ರಿಲ್ 30ಕ್ಕ ಇತ್ತು. ಕಾಯಕವೇ ಕೈಲಾಸ ಅಂತ ಒಂದು ಸಾಲು ಹಾಕ್ರಿ.

ಕೆಂಪುಕರವಸ್ತ್ರ
ಹಾಕಿ, ಆದರೆ ಬೆರೆಸಬೇಡಿ. ಮೇ ದಿನದ ಜಗಳ ಕೆಲಸ ಶ್ರೇಷ್ಠವೋ ಅಲ್ಲವೋ ಅನ್ನೋದಲ್ಲ, ಎಷ್ಟು ಹೊತ್ತು ಅನ್ನೋದು. "ಎಂಟು ಗಂಟೆ ಕೆಲಸ, ಎಂಟು ಗಂಟೆ ವಿನೋದ, ಎಂಟು ಗಂಟೆ ನಿದ್ದೆ" ಅನ್ನೋ ಲೆಕ್ಕ ಬ್ರಿಟನ್ನಿನ ಗಿರಣಿ ಮಾಲೀಕ, ಸುಧಾರಕ ರಾಬರ್ಟ್ ಓವನ್ ಕಾಲದ್ದು. ಅದನ್ನ ಗೆದ್ದು ತೋರಿಸಿದವರು ಮೆಲ್ಬರ್ನಿನ ಕಲ್ಲುಕುಟಿಗರು, 1856ರ ಏಪ್ರಿಲ್ 21ಕ್ಕೆ ಕೆಲಸ ಬಿಟ್ಟು ನಡೆದು. ಶಿಕಾಗೋಗಿಂತ 30 ವರ್ಷ ಮೊದಲು.

ಅಚ್ಚುಮೊಳೆ
ಅಮೆರಿಕದಲ್ಲೇ ಮೇ 1ಕ್ಕೆ ರಜೆ ಇಲ್ಲ ಅನ್ನೋದು ತಮಾಷೆ. ಅಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ, 1894ರ ಕಾನೂನು. ಬ್ರಿಟನ್ನಿನಲ್ಲಿ ಮೇ ತಿಂಗಳ ಮೊದಲ ಸೋಮವಾರ, ಅದೂ 1978ರಿಂದ. ಅಂದಹಾಗೆ ವಿಮಾನದವರು ಕೂಗೋ "ಮೇಡೇ ಮೇಡೇ"ಗೆ ಇದೇ ದಿನ ಕಾರಣವಾ?

ಹಳೇಕಡತ
ಅಲ್ಲ. ಫ್ರೆಂಚಿನಲ್ಲಿ "ನನಗೆ ಸಹಾಯ ಮಾಡಿ" ಅನ್ನೋದರ ಉಚ್ಚಾರ. 1920ರ ದಶಕದಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿ ಮಾಕ್‌ಫರ್ಡ್ ಆರಿಸಿದ ಪದ, ಪ್ಯಾರಿಸ್ ಕಡೆ ವಿಮಾನಗಳೇ ಹೆಚ್ಚಿದ್ದವು. ಮೂರು ಸಲ ಹೇಳಬೇಕು, ನೀವು ಎರಡೇ ಸಲ ಹೇಳಿದ್ದೀರಿ.

ಉತ್ತರದನಿಂಬೆ
ತಿಂಡಿ ಬಗ್ಗೆ ಯಾರೂ ಮಾತೇ ಆಡಿಲ್ಲ. ಫಿನ್‌ಲ್ಯಾಂಡಿನವರ ಮೇ 1ರ ಹಬ್ಬ ವಪ್ಪು ಈ ಎರಡು ಹಬ್ಬ ಒಂದೇ ಬಟ್ಟಲಲ್ಲಿ ಕಲಸಿದ್ದು. ಏಪ್ರಿಲ್ 30ರ ಸಂಜೆ 6ಕ್ಕೆ ಹೆಲ್ಸಿಂಕಿಯ ಹವಿಸ್ ಅಮಾಂಡಾ ಪ್ರತಿಮೆಗೆ ವಿದ್ಯಾರ್ಥಿಗಳು ಬಿಳಿ ಟೋಪಿ ಹಾಕ್ತಾರೆ, ಮರುದಿನ ಒಂದು ಕಡೆ ಕೆಂಪು ಬಾವುಟದ ಮೆರವಣಿಗೆ, ಇನ್ನೊಂದು ಕಡೆ ಉದ್ಯಾನದಲ್ಲಿ ವನಭೋಜನ. ಕುಡಿಯೋಕೆ ಸಿಮಾ ಅನ್ನೋ ಹುದುಗಿಸಿದ ನಿಂಬೆ ಪಾನೀಯ, ಕಡಿಯೋಕೆ ಟಿಪ್ಪಲೈಪಾ, ಅದು ಪಾಕ ಕಾಣದ ಜಹಾಂಗೀರಿನ ಹಾಗೆ, ಮೇಲೆ ಪುಡಿಸಕ್ಕರೆ.

ಸಿಮಾಗೆ ನೀರು 4 ಲೀಟರ್, ಬಿಳಿ ಸಕ್ಕರೆ 250 ಗ್ರಾಂ, ಕಂದು ಸಕ್ಕರೆ 250 ಗ್ರಾಂ, ದೊಡ್ಡ ನಿಂಬೆ 2 (ನಮ್ಮ ಊರ ನಿಂಬೆಯಾದರೆ 4), ಒಣ ಯೀಸ್ಟ್ ಒಂದೇ ಚಿಟಿಕೆ. ಅರ್ಧ ನೀರು ಕುದಿಸಿ ಸಕ್ಕರೆ ಕರಗಿಸಿ. ನಿಂಬೆಯ ಹಳದಿ ಸಿಪ್ಪೆ ಮಾತ್ರ ತೆಳ್ಳಗೆ ಹೆರೆದು ಹಾಕಿ, ಬಿಳಿ ಭಾಗ ಬಿಸಾಡಿ, ಅದು ಬಿದ್ದರೆ ಕಹಿ. ತಿರುಳನ್ನ ಬಿಲ್ಲೆ ಮಾಡಿ ಸೇರಿಸಿ. ಉಳಿದ ತಣ್ಣೀರು ಹಾಕಿ ಉಗುರುಬೆಚ್ಚಗಾದ ಮೇಲೆ ಯೀಸ್ಟ್. ಬಿಸಿಯಲ್ಲಿ ಹಾಕಿದರೆ ಅದು ಸತ್ತೇಹೋಗುತ್ತೆ. ಬಟ್ಟೆ ಮುಚ್ಚಿ ಅಲ್ಲಿನ ಚಳಿಗೆ ಒಂದು ದಿನ, ನಮ್ಮ ಏಪ್ರಿಲ್ ಸೆಕೆಗೆ ಎಂಟು ಹತ್ತು ಗಂಟೆ ಸಾಕು. ಸೋಸಿ ಬಾಟಲಿಗೆ ಹಾಕಿ, ಪ್ರತಿ ಬಾಟಲಿಗೆ ಒಂದು ಟೀ ಚಮಚ ಸಕ್ಕರೆ, ನಾಲ್ಕೈದು ಒಣದ್ರಾಕ್ಷಿ, ಮುಚ್ಚಳ ಸಡಿಲ, ಸೀದಾ ಫ್ರಿಜ್‌ಗೆ. ಮೂರರಿಂದ ಏಳು ದಿನ. ದ್ರಾಕ್ಷಿ ತೇಲಿದರೆ ಆಯ್ತು ಅಂತ ಲೆಕ್ಕ, ಗಾಳಿಗುಳ್ಳೆ ಅಂಟಿ ಮೇಲೆ ಬರುತ್ತೆ.

ಔಷಧಿಡಬ್ಬ
ಮದ್ಯದ ಅಂಶ?

ಉತ್ತರದನಿಂಬೆ
ತುಂಬಾ ಕಡಿಮೆ, ಆದರೆ ಸೊನ್ನೆ ಅಲ್ಲ. ಹೊರಗಿಟ್ಟಷ್ಟೂ ಏರುತ್ತೆ. ಮಕ್ಕಳಿಗೆ ಬೇಡ, ಅವರಿಗೆ ಪಾನಕ ಮಾಡಿ. ಗಾಜಿನ ಬಾಟಲಿ ಬಿಗಿ ಮುಚ್ಚಿ ಸೆಕೆಯಲ್ಲಿ ಇಟ್ಟರೆ ಒಡೆದು ಸಿಡಿಯುತ್ತೆ. ಪ್ಲಾಸ್ಟಿಕ್ ಬಾಟಲಿ ಒಳ್ಳೇದು, ಹಿಸುಕಿ ನೋಡಿದಾಗ ಕಲ್ಲಿನಂತೆ ಗಟ್ಟಿ ಇದ್ದರೆ ಮುಚ್ಚಳ ತಿರುಗಿಸಿ ಗಾಳಿ ಬಿಡಿ.

ಬೇಸಾಯಗಾರ
ಬೆಲ್ಲ ನಡೀತದೇನ್ರಿ?

ಉತ್ತರದನಿಂಬೆ
ಕಂದು ಸಕ್ಕರೆ ಜಾಗಕ್ಕೆ ನಡೆಯುತ್ತೆ, ಸೋಸಿಕೊಳ್ಳಿ. ರುಚಿ ಹೆಲ್ಸಿಂಕಿ ಬಿಟ್ಟು ಮಂಡ್ಯಕ್ಕೆ ಬರುತ್ತೆ, ಅಷ್ಟೇ.

ಗೋಡೆಪತ್ರಿಕೆ
ಶೀರ್ಷಿಕೆ ಬದಲಾಯಿಸಿದೆ: "ಒಂದೇ ಋತು, ಎರಡು ಹಬ್ಬ." ಬಾಡಿಗೆ ಕರಾರು, ಯುಗಾದಿ ಲೆಕ್ಕ, ನ್ಯೂಟನ್ ಕಂಬ, 48 ಗಂಟೆ ಎಲ್ಲ ಹಾಕಿದೆ. ಹೇ ಮಾರ್ಕೆಟ್ ಅನ್ನೋದನ್ನ "ಹುಲ್ಲಿನ ಸಂತೆ" ಅಂತ ಬರೆಯಲಾ? ಇನ್ನೊಂದು ತೊಂದರೆ: ಕುಣಿತಕ್ಕೆ 13 ಮಕ್ಕಳು ಹೆಸರು ಕೊಟ್ಟಿದ್ದಾರೆ.

ಹಳೇಕಡತ
ಒಣಹುಲ್ಲಿನ ಸಂತೆ ಅಂತ ಒಮ್ಮೆ ಬಿಡಿಸಿ ಹೇಳಿ, ಮುಂದೆ ಹೇ ಮಾರ್ಕೆಟ್ ಅಂತಲೇ ಇರಲಿ.

ಮೊಗ್ಗಿನಜಡೆ
ಹದಿಮೂರನೇ ಮಗೂಗೆ ರಿಬ್ಬನ್ ಕೊಡಬೇಡಿ, ಎರಡು ಬೆಸ ಪಕ್ಕಪಕ್ಕ ಬಂದು ಹೆಣಿಗೆ ಕೆಡುತ್ತೆ. "ಕೆಂಪು ಹೊರಗೆ" ಅಂತ ಕೂಗೋಕೆ ಒಬ್ಬರು ಬೇಕಲ್ಲ, ಜೋರು ಗಂಟಲಿನ ಮಗೂನ ಅಲ್ಲಿ ನಿಲ್ಲಿಸಿ.